ಒರೆಸಿದ ಜಾಗ

ಆರು ಪೈಪುಗಳಲ್ಲಿ ಐದು ಹೇಳಿ ಮಾಡಿಸಿದ ಹಾಗೆ ಕೂತವು. ಆರನೆಯದು ಒಂದು ಗೇಣು ಗಿಡ್ಡವಾಯಿತು.

ಮಗಳು ಟ್ರ್ಯಾಕ್ಟರಿನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಪೈಪನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ಗ್ರೀಸಿನ ಗೀರು. ಚಿಕ್ಕವಳಿದ್ದಾಗ ಲೆಕ್ಕ ತಪ್ಪಿದರೆ ಮಾಡುತ್ತಿದ್ದಂತೆಯೇ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು. ನಾನು ಟೀ ಲೋಟವನ್ನು ಪಕ್ಕದಲ್ಲಿಟ್ಟು ಏನೂ ಕೇಳದೆ ನಿಂತೆ. ಅವಳು ಕೆಲಸದಲ್ಲಿದ್ದಾಗ ಏನೂ ಕೇಳಬಾರದೆಂದು ಈ ಮೂರು ದಿನಗಳಲ್ಲಿ ನಾನು ಕಲಿತಿದ್ದೆ. ಅವಳಪ್ಪ ಕಲಿತಿರಲಿಲ್ಲ.

"ಏನಮ್ಮಾ ಮೇಸ್ತ್ರಿ, ಅಳತೆ ತೆಗೆಯೋವಾಗ ನಿದ್ದೆ ಬಂದಿತ್ತಾ?" ಅಂದರು.

"ಬಕೆಟ್ ನೆಲದ ಮೇಲಿದ್ದಾಗ ಅಳತೆ ತಗೊಂಡೆ ಅಪ್ಪ. ತೋಳು ಮೇಲೆ ಹೋದಾಗ ಎಳೀತಾ ಇದೆ. ತಪ್ಪು ನಂದೇ."

ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದನ್ನು ಅವಳು ಯಾರಿಂದ ಕಲಿತಳೋ, ನಮ್ಮಿಬ್ಬರಿಂದಂತೂ ಅಲ್ಲ.

ನಮ್ಮ ಟ್ರ್ಯಾಕ್ಟರ್ ಹಳೆಯದು. ಅದರ ಎಣ್ಣೆಯ ಬಲವೆಲ್ಲ ಹಿಂದುಗಡೆ, ನೇಗಿಲು ಎತ್ತಿ ಇಳಿಸುವುದಕ್ಕೆ ಮಾತ್ರ. ಮುಂದೆ ಲೋಡರ್ ಕಟ್ಟಬೇಕಾದರೆ ಆ ಬಲವನ್ನು ಮುಂದಕ್ಕೆ ತರಬೇಕು. ಲೋಡರ್ ಅಂದರೆ ಟ್ರ್ಯಾಕ್ಟರಿನ ಮೂತಿಗೆ ಕೂರಿಸುವ ಎರಡು ಕಬ್ಬಿಣದ ತೋಳು, ತುದಿಯಲ್ಲಿ ಒಂದು ಆಳು ಮಲಗುವಷ್ಟು ಅಗಲದ ಬಕೆಟ್. ಪಂಪಿನಿಂದ ಒಂದು ಪೈಪು ಎರಡು ಹಿಡಿಯ ವಾಲ್ವಿಗೆ ಬರಬೇಕು. ಅಲ್ಲಿಂದ ಎರಡು ಪೈಪು ತೋಳು ಎತ್ತುವ ಸಿಲಿಂಡರುಗಳಿಗೆ, ಎರಡು ಪೈಪು ಬಕೆಟ್ ಮಗುಚುವ ಸಿಲಿಂಡರಿಗೆ ಹೋಗಬೇಕು. ಉಳಿದ ಒಂದು, ಮಿಕ್ಕ ಎಣ್ಣೆಯನ್ನು ಟ್ಯಾಂಕಿಗೆ ವಾಪಸು ತರುವುದಕ್ಕೆ. ಮಗಳು ಇದನ್ನೆಲ್ಲ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಸೋಪಿನ ನೊರೆಯಲ್ಲಿ ಗೀಚಿ ನನಗೆ ತೋರಿಸಿದ್ದಳು. ಅವಳು ಪೇಟೆಯಲ್ಲಿ ಇಂಥ ಪೈಪುಗಳನ್ನು ಕತ್ತರಿಸಿ, ತುದಿಗೆ ಕಬ್ಬಿಣದ ಮೂತಿ ಒತ್ತಿ ಕೊಡುವ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದಾಳೆ.

ಈ ಲೋಡರ್ ಬಂದದ್ದು ನನ್ನ ಬೆನ್ನಿನ ದೆಸೆಯಿಂದ. ಕೊಟ್ಟಿಗೆಯಲ್ಲಿ ಹನ್ನೊಂದು ಹಸುಗಳಿವೆ. ಅವುಗಳ ಸಗಣಿ, ಹುಲ್ಲು, ಹಿಂಡಿ ಮೂಟೆ ಎಲ್ಲವೂ ನನ್ನ ಸಲಿಕೆ ಮತ್ತು ನನ್ನ ಸೊಂಟದ ಮೇಲೆಯೇ ನಡೆಯುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಗ್ಗಿದವಳಿಗೆ ಏಳಲಾಗಲಿಲ್ಲ. ನಾಲ್ಕು ದಿನ ಯಾರಿಗೂ ಹೇಳದೆ ಗೋಡೆ ಹಿಡಿದುಕೊಂಡು ಓಡಾಡಿದೆ. ಏನಾಯಿತೆಂದು ಕೇಳಿದವರಿಗೆಲ್ಲ ಏನಿಲ್ಲ ಅಂದೆ. ಐದನೆಯ ದಿನ ಹಾಲಿನ ಕ್ಯಾನಿನ ಜೊತೆ ನಾನೂ ಉರುಳಿದ ಮೇಲೆ ಮನೆಯವರಿಗೆ ಗೊತ್ತಾಯಿತು. ಅವತ್ತು ಮಗಳು ಫೋನಿನಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಹೇಳದೆ ಇದ್ದವಳು ನಾನು, ಬೈಸಿಕೊಂಡವರು ಅವರು.

ಅವಳಿಗೆ ಇನ್ನೊಂದು ಆಸೆಯೂ ಇತ್ತು. ನಮ್ಮ ಮುಂದಿನ ಶೆಡ್ಡನ್ನು ಖಾಲಿ ಮಾಡಿಸಿ ಅಲ್ಲಿ ತನ್ನದೇ ಪೈಪಿನ ಅಂಗಡಿ ಹಾಕಬೇಕೆಂದು ಕೇಳಿದ್ದಳು. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊದಲು ನಮ್ಮ ಟ್ರ್ಯಾಕ್ಟರಿನದು ಆಗಲಿ, ನೋಡೋಣ ಅಂದಿದ್ದರು. ಹಾಗಾಗಿ ಆ ಮೂರು ದಿನ ಅವಳು ಬಿಗಿದ ಒಂದೊಂದು ನಟ್ಟಿನ ಜೊತೆಗೂ ನನ್ನ ಉಸಿರು ಬಿಗಿಯುತ್ತಿತ್ತು.

ಬಕೆಟ್ ಮಗುಚುವ ಎರಡರಲ್ಲಿ ಗಿಡ್ಡವಾದ ಪೈಪಿನ ಜಾಗಕ್ಕೆ ಇವರು ತಮ್ಮ ಭಂಡಾರದಿಂದ ಒಂದು ಹಳೆಯ ಪೈಪು ತಂದುಕೊಟ್ಟರು. ಇವರು ಮೂವತ್ತು ವರ್ಷ ನೀರಿನ ಪೈಪು ಜೋಡಿಸುವ ಕೆಲಸ ಮಾಡಿದವರು, ಯಾವುದನ್ನೂ ಬಿಸಾಡಿದವರಲ್ಲ. ಶೆಡ್ಡಿನ ಗೋಡೆಯಲ್ಲಿ ಮೊಳೆ ಮೊಳೆಗೂ ಹಾವಿನ ಹಾಗೆ ಪೈಪುಗಳು ನೇತಾಡುತ್ತಿದ್ದವು. ಮಗಳು ಆ ಹಳೆಯದನ್ನು ಬಗ್ಗಿಸಿ, ಮೂಸಿ, ಮುಖ ಸಿಂಡರಿಸಿದಳು. ಇದು ಅಳತೆಗೆ ಮಾತ್ರ ಅಂದಳು. ಅದನ್ನು ಕೂರಿಸಿ, ಖಾಲಿ ಬಕೆಟ್ಟನ್ನು ಒಂದು ಸಲ ನಿಧಾನವಾಗಿ ಮೇಲಕ್ಕೆತ್ತಿ ಎಷ್ಟು ಉದ್ದ ಬೇಕೆಂದು ಬರೆದುಕೊಂಡಳು. ಆಮೇಲೆ ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಎರಡೂ ಹಿಡಿಗಳನ್ನು ಹಿಂದೆ ಮುಂದೆ ಆಡಿಸಿದಳು. ಒಳಗೆ ಉಳಿದಿರುವ ಒತ್ತಡ ಹೋಗಲಿ ಅಂತ. ಹೊಸ ಪೈಪು ಮಾಡಿಸಿಕೊಂಡು ಮಧ್ಯಾಹ್ನದೊಳಗೆ ಬರುತ್ತೇನೆ, ಅಲ್ಲಿಯವರೆಗೆ ಎಣ್ಣೆ ಸುರಿಯದಿರಲಿ, ಧೂಳು ಹೋಗದಿರಲಿ ಅಂತ ಇದನ್ನು ಹಾಗೇ ಬಿಟ್ಟಿರುತ್ತೇನೆ, ಯಾರೂ ಸ್ಟಾರ್ಟ್ ಮಾಡಬೇಡಿ ಅಂದಳು.

ಹೊರಡುವ ಮುಂಚೆ ಸುತ್ತಿಗೆ ಇಡುವ ಹಲಗೆಯಿಂದ ಒಂದು ರಟ್ಟಿನ ತುಂಡು ತೆಗೆದು ಅಪ್ಪನಿಗೆ ತೋರಿಸಿದಳು. ಮೊದಲ ದಿನವೂ ತೋರಿಸಿದ್ದಳು. ಎಣ್ಣೆ ಸೋರುತ್ತಿದೆಯಾ ಅಂತ ನೋಡಬೇಕಾದರೆ ರಟ್ಟು ಹಿಡಿಯಬೇಕು, ಕೈ ಹಿಡಿಯಬಾರದು. ಸೂಜಿ ಮೊನೆಯಷ್ಟು ತೂತಿದ್ದರೂ ಒಳಗಿನ ಒತ್ತಡಕ್ಕೆ ಎಣ್ಣೆ ಇಂಜೆಕ್ಷನ್ ಥರ ಚರ್ಮದೊಳಕ್ಕೆ ನುಗ್ಗುತ್ತೆ. ಆಗ ನೋಯುವುದಿಲ್ಲ, ರಕ್ತವೂ ಬರುವುದಿಲ್ಲ. ಒಳಗೊಳಗೇ ಮಾಂಸ ಕೊಳೆಯುತ್ತೆ. ಅವಳ ಅಂಗಡಿಯ ಉಸ್ತಾದರ ಬಲಗೈಯಲ್ಲಿ ಮೂರೇ ಬೆರಳು. ಅವರು ಹಾಗೆ ಚುಚ್ಚಿಸಿಕೊಂಡ ದಿನ ಮುಲಾಮು ಹಚ್ಚಿ ಮಲಗಿದರಂತೆ, ಮಾರನೆಯ ದಿನ ಸಂಜೆ ಆಸ್ಪತ್ರೆಗೆ ಹೋದರಂತೆ. ತಕ್ಷಣ ಬಂದಿದ್ದರೆ ಐದೂ ಉಳಿಯುತ್ತಿದ್ದವು ಅಂದರಂತೆ ಡಾಕ್ಟರು.

ಇವರು ತಮ್ಮ ಹೆಬ್ಬೆರಳನ್ನು ಮಗಳ ಮುಖದ ಮುಂದೆ ಹಿಡಿದು ಅಲ್ಲಾಡಿಸಿದರು. ಮೂವತ್ತು ವರ್ಷ ಈ ಬೆರಳಲ್ಲೇ ಸೋರಿಕೆ ಹುಡುಕಿದ್ದೇನೆ, ಇದು ಒಂದು ದಿನವೂ ಸುಳ್ಳು ಹೇಳಿಲ್ಲ ಅನ್ನುವುದು ಅವರ ಮಾತು.

"ಅದು ನೀರಪ್ಪಾ," ಅಂದಳು ಮಗಳು. "ಇದು ನೀರಲ್ಲ."

ಇಬ್ಬರ ಮಾತನ್ನೂ ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಅಂತ ಹೇಳುವುದಕ್ಕೆ ನನಗೆ ದಾರಿಯಿಲ್ಲ.

ಅವಳ ಸ್ಕೂಟರಿನ ಸದ್ದು ತಿರುವಿನಾಚೆ ಹೋಗಿ ಒಂದು ಗಂಟೆಯಾಗಿರಬಹುದು. ನಾನು ಅಡುಗೆಮನೆಯಲ್ಲಿ ಕ್ಯಾನುಗಳ ಮುಚ್ಚಳ ಉಜ್ಜುತ್ತಿದ್ದೆ. ಟ್ರ್ಯಾಕ್ಟರ್ ಸ್ಟಾರ್ಟ್ ಆದ ಸದ್ದು ಕೇಳಿ ಹೊರಗೆ ಬಂದರೆ ಇವರು ಸೀಟಿನ ಮೇಲೆ ಕೂತು ಮದುಮಗನ ಹಾಗೆ ನಗುತ್ತಿದ್ದರು.

"ಬಾ ಇವಳೇ, ನೋಡು. ನಿನ್ನ ಸಲಿಕೆಗೆ ಇವತ್ತಿಂದ ರಜ."

ಬೇಡ, ಅವಳು ಬರಲಿ ಅಂದೆ. ಒಂದೇ ಒಂದು ಬಕೆಟ್, ಅವಳಿಗೆ ಹೇಳಬೇಡ ಅಂದರು. ಆ ಮುಖ ನೋಡಿ ಇನ್ನೊಂದು ಸಲ ಬೇಡ ಅನ್ನಲಾಗಲಿಲ್ಲ. ಬಕೆಟ್ ಗೊಬ್ಬರದ ಗುಡ್ಡೆಗೆ ಬಾಯಿ ಹಾಕಿತು, ತುಂಬಿಕೊಂಡಿತು, ಮೂತಿ ಮೇಲೆ ಮಾಡಿತು. ಆಮೇಲೆ ಆ ಎರಡು ತೋಳು ಮೆಲ್ಲಗೆ, ಒಂಚೂರೂ ಏದುಸಿರಿಲ್ಲದೆ ಮೇಲಕ್ಕೆದ್ದವು. ನಾನು ಎರಡು ಗಂಟೆ ಹೊತ್ತು ಹಾಕುತ್ತಿದ್ದ ಗೊಬ್ಬರ ನನ್ನ ತಲೆಗಿಂತ ಮೇಲೆ ನಿಂತಿತ್ತು. ನನಗೆ ನಗು ಬಂತು, ಸ್ವಲ್ಪ ಅಳುವೂ ಬಂತು.

ಅಷ್ಟರಲ್ಲಿ ಹಾಲಿನ ಗಾಡಿಯವನು ರಸ್ತೆಯಲ್ಲಿ ನಿಂತು ಹಾರನ್ ಬಾರಿಸಿದ. ಅವನು ಎರಡು ನಿಮಿಷಕ್ಕಿಂತ ಹೆಚ್ಚು ಕಾಯುವವನಲ್ಲ. ಇವರು ಎಂಜಿನ್ ಆಫ್ ಮಾಡಿ, ಬಕೆಟ್ಟನ್ನು ಹಾಗೇ ಮೇಲೆ ಬಿಟ್ಟು, ಕ್ಯಾನು ಎತ್ತಿಕೊಂಡು ಓಡಿದರು.

ನಾನೊಬ್ಬಳೇ ನಿಂತಿದ್ದೆ. ಎಂಜಿನ್ ನಿಂತ ಮೇಲೆ ಎಲ್ಲ ತಣ್ಣಗಿತ್ತು. ಆ ಹಳೆಯ ಪೈಪಿನ ನಡುವೆ, ತೋಳಿಗೆ ಒರಗುವ ಕಡೆ, ಎಣ್ಣೆ ಪಸೆ ಹೊಳೆಯಿತು. ಸುತ್ತಲೂ ತೆಳ್ಳಗೆ ಮಂಜಿನ ಹಾಗೇನೋ. ಕೆಳಗೆ ಹುಲ್ಲಿನ ಕಟ್ಟು ಇತ್ತು, ಸಂಜೆ ಹಸುವಿಗೆ ಹಾಕುವುದು. ಅದರ ಮೇಲೆ ಎಣ್ಣೆ ಬೀಳುತ್ತದಲ್ಲ ಅಂತ ಹೆಗಲ ಮೇಲಿದ್ದ ಬಟ್ಟೆ ತೆಗೆದು ಒರೆಸಿದೆ. ಯೋಚಿಸಿ ಮಾಡಿದ್ದಲ್ಲ. ನಾನು ಒಲೆ ಒರೆಸುತ್ತೇನೆ, ಕಿಟಕಿ ಒರೆಸುತ್ತೇನೆ, ಮಾತಾಡುತ್ತ ಮಾತಾಡುತ್ತ ಬೇರೆಯವರ ಮನೆಯ ಮೇಜನ್ನೂ ಒರೆಸಿಬಿಡುತ್ತೇನೆ. ಸದ್ದು ನಿಂತಿದೆ, ಆದ್ದರಿಂದ ಒತ್ತಡವೂ ನಿಂತಿದೆ ಅಂದುಕೊಂಡಿದ್ದೆನೋ ಏನೋ. ಬಟ್ಟೆಯ ಸಮೇತ ಎಡಗೈ ಪೈಪನ್ನು ಸುತ್ತಿ ಹಿಡಿದು ಎಳೆದೆ. ತೋರುಬೆರಳಿನ ಬುಡದಲ್ಲಿ ಇರುವೆ ಕಚ್ಚಿದ ಹಾಗಾಯಿತು.

ಬಟ್ಟೆ ಸರಿಸಿ ನೋಡಿದೆ. ಒಂದು ಚುಕ್ಕೆ. ಪೆನ್ಸಿಲಿನ ಮೊನೆ ತಾಕಿದಷ್ಟು.

ಕೈ ತೊಳೆದುಕೊಂಡು ಒಳಗೆ ಬಂದೆ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಮುಚ್ಚಳ ಉಜ್ಜುವುದನ್ನು ಮುಂದುವರಿಸಿದೆ. ಅದು ಪೈಪಿನ ಹೊರಗೆ ಎದ್ದ ತಂತಿ ಚುಚ್ಚಿದ್ದಿರಬೇಕು ಅಂದುಕೊಂಡೆ. ಹಳೆಯ ಪೈಪು, ಒಳಗಿನ ತಂತಿ ಹೊರಗೆ ಬಂದಿರುತ್ತದೆ. ತಂತಿಯೇ ಇರಬೇಕು. ಹೀಗೆ ನಾಲ್ಕು ಸಲ ಹೇಳಿಕೊಂಡು ಐದನೆಯ ಸಲ ಕಿಟಕಿಯಿಂದ ಹೊರಗೆ ನೋಡಿದೆ.

ಬಕೆಟ್ಟಿನ ಮೂತಿ ಬಾಗಿತ್ತು.

ಆಗ ಆಕಾಶ ನೋಡುತ್ತಿದ್ದ ಬಕೆಟ್ ಈಗ ನಮ್ಮ ಬಾವಿಕಟ್ಟೆಯ ಕಡೆ ನೋಡುತ್ತಿತ್ತು. ತುದಿಯಿಂದ ಗೊಬ್ಬರದ ಒಂದು ಹೆಂಟೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎಂಜಿನ್ ಯಾವಾಗಲೋ ನಿಂತಿದೆ, ಆ ಇಡೀ ಬಕೆಟ್ಟಿನ ಭಾರವನ್ನು ಹೊತ್ತುಕೊಂಡಿರುವುದು ಆ ಹಳೆಯ ಪೈಪಿನೊಳಗಿನ ಎಣ್ಣೆ, ಅದು ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಅನ್ನುವುದು ನನಗೆ ಅಲ್ಲಿ ನಿಂತೇ ತಿಳಿಯಿತು. ಯಾರೂ ನೊರೆಯಲ್ಲಿ ಬರೆದು ತೋರಿಸಬೇಕಾಗಿರಲಿಲ್ಲ. ಕೈಯಲ್ಲಿದ್ದ ಮುಚ್ಚಳ ಜಾರಿ ನೆಲದಲ್ಲಿ ಸುತ್ತು ಹೊಡೆದು ನಿಂತಿತು.

ಆಗಲೇ ಹೇಳಬೇಕಿತ್ತು. ಇವರು ಹಾಲು ಹಾಕಿ ವಾಪಸು ಬರುತ್ತಿದ್ದರು, ಬಾಗಿಲ ಹತ್ತಿರವೇ ಇದ್ದರು. ನನಗೆ ಮೊದಲು ಹೊಳೆದದ್ದು ಬೆರಳಲ್ಲ, ಶೆಡ್ಡು. ಮಗಳು ಜೋಡಿಸಿದ ಲೈನು ಸೋರಿ ಅಮ್ಮನ ಕೈ ಹೋಯಿತು ಅಂದರೆ ಇವರು ಶೆಡ್ಡಿನ ಮಾತನ್ನು ಇನ್ನು ಈ ಜನ್ಮದಲ್ಲಿ ಎತ್ತುತ್ತಾರಾ. ಅವಳಾದರೂ ಇನ್ನೊಂದು ಪೈಪು ಕೈಯಲ್ಲಿ ಹಿಡಿಯುತ್ತಾಳಾ. ಅವಳು ಬರಲಿ, ಹೊಸ ಪೈಪು ಹಾಕಲಿ, ಕೆಲಸ ಮುಗಿಯಲಿ, ಇವರು ಒಂದು ಸಲ ಶಹಬ್ಬಾಸ್ ಅನ್ನಲಿ. ಆಮೇಲೆ ಮೆಲ್ಲಗೆ ಹೇಳಿದರಾಯಿತು. ಉಸ್ತಾದರು ಒಂದೂವರೆ ದಿನ ಬಿಟ್ಟಿದ್ದರು. ನಾನು ಸಾಯಂಕಾಲದವರೆಗೆ ಅಷ್ಟೇ.

ಇವರು ಬಂದು ಬಕೆಟ್ಟನ್ನು ಇಳಿಸಿ, ಗೊಬ್ಬರ ಸುರಿದು, ಏನೂ ಆಗಿಲ್ಲವೆಂಬಂತೆ ಅದನ್ನು ಮೊದಲಿದ್ದ ಜಾಗದಲ್ಲಿಯೇ ನಿಲ್ಲಿಸಿದರು. ಚಕ್ರದ ಗುರುತನ್ನೂ ಕಾಲಿನಲ್ಲಿ ಕೆದರಿದರು. ಮನೆಯಲ್ಲಿ ಅವತ್ತು ಇಬ್ಬರು ಕಳ್ಳರು.

ಹನ್ನೊಂದೂವರೆಗೆ ಬೆರಳು ಭಾರವಾಯಿತು. ತರಕಾರಿ ಹಿಡಿದರೆ ಜಾರುತ್ತಿತ್ತು. ಹನ್ನೆರಡಕ್ಕೆ ಬುಡದ ಊತ ಉಂಗುರದ ಬೆರಳಿಗೂ ಹಬ್ಬಿತು. ಉಂಗುರ ತೆಗೆಯಲು ಸೋಪು ಹಚ್ಚಿದೆ, ಬರಲಿಲ್ಲ, ಇನ್ನಷ್ಟು ಸೋಪು ಹಚ್ಚಿದೆ. ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಬೆರಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಬೇರೆ ಯಾರದೋ ಬೆರಳು ಕಚ್ಚಿದ ಹಾಗಿತ್ತು. ಗಡಿಯಾರ ನೋಡಬಾರದೆಂದು ಅದಕ್ಕೆ ಬೆನ್ನು ಮಾಡಿ ಕೂತೆ, ಆದರೆ ಅದರ ಟಿಕ್ ಟಿಕ್ ಬೆರಳಿನೊಳಗೇ ಕೇಳುತ್ತಿತ್ತು. ಒಂದು ಸಲ ಎದ್ದು ಇವರನ್ನು ಕೂಗಲು ಬಾಗಿಲವರೆಗೆ ಹೋದೆ. ಇವರು ಶೆಡ್ಡಿನ ಮುಂದೆ ನಿಂತು ಅಡಿ ಲೆಕ್ಕದಲ್ಲಿ ಹೆಜ್ಜೆ ಹಾಕಿ ಅಗಲ ಅಳೆಯುತ್ತಿದ್ದರು, ನಮ್ಮ ಯಾರ ಕಣ್ಣಿಗೂ ಬೀಳದ ಹಾಗೆ. ಮತ್ತೆ ಒಳಗೆ ಬಂದೆ.

ಮಗಳು ಒಂದು ಗಂಟೆಗೆ ಬಂದಳು. ಸ್ಕೂಟರಿನ ಮುಂದೆ ಹೊಸ ಪೈಪು ಸುರುಳಿ ಸುತ್ತಿಕೊಂಡು ಕೂತಿತ್ತು. ಊಟ ಆಮೇಲೆ ಅಂದು ನೇರ ಟ್ರ್ಯಾಕ್ಟರಿನ ಹತ್ತಿರ ಹೋದಳು. ನಾನು ಬಾಗಿಲಲ್ಲಿ ಎಡಗೈಯನ್ನು ಬಟ್ಟೆಯೊಳಗೆ ಸುತ್ತಿಕೊಂಡು ನಿಂತೆ. ಇವರು ನೀರು ಕುಡಿಯುವ ನೆಪದಲ್ಲಿ ನನ್ನ ಪಕ್ಕ ಬಂದು ನಿಂತರು.

ಅವಳು ನಟ್ಟಿಗೆ ಸ್ಪ್ಯಾನರ್ ಹಾಕಿದವಳು ಬಿಚ್ಚಲಿಲ್ಲ. ಬಗ್ಗಿ ನೋಡಿದಳು. ಆ ಹಳೆಯ ಪೈಪು ವರ್ಷಗಟ್ಟಲೆ ಗೋಡೆಗೆ ನೇತಾಡಿದ್ದು, ಇಡೀ ಮೈ ಮೇಲೆ ಧೂಳಿನ ಲೇಪ. ಇವತ್ತು ಬೆಳಿಗ್ಗೆ ಅವಳೇ ಅದನ್ನು ಹಾಗೇ ಕೂರಿಸಿದ್ದಳು. ಈಗ ಅದರ ನಡುವೆ ಒಂದು ಅಂಗೈಯಷ್ಟು ಅಗಲಕ್ಕೆ ಧೂಳಿಲ್ಲ. ಕಪ್ಪಗೆ, ಕನ್ನಡಿಯ ಹಾಗೆ, ಸುತ್ತಲೂ ಒಂದೇ ಸಮ ಒರೆಸಿದ ಜಾಗ.

ಅವಳು ತಲೆಯೆತ್ತಿ ಅಪ್ಪನನ್ನು ನೋಡಲಿಲ್ಲ. ಅಪ್ಪ ಯಾವತ್ತೂ ಏನನ್ನೂ ಒರೆಸಿದವರಲ್ಲ ಅಂತ ಅವಳಿಗೆ ಗೊತ್ತು.

"ಅಮ್ಮ, ಕೈ ತೋರಿಸು."

"ಏನಿಲ್ಲ ಕಣೇ, ಊಟಕ್ಕೆ..."

"ಕೈ ತೋರಿಸು."

ಬಟ್ಟೆ ಬಿಚ್ಚಿದೆ. ಅವಳು ನನ್ನ ಬೆರಳನ್ನು ಮುಟ್ಟಲಿಲ್ಲ, ಮಣಿಕಟ್ಟನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಿದಳು. ಹತ್ತೂವರೆ ಅಂದೆ. ಅವಳ ಮುಖದಿಂದ ಬಣ್ಣ ಇಳಿದು ಹೋಗುವುದನ್ನು ಇಷ್ಟು ಹತ್ತಿರದಿಂದ ನಾನು ಹಿಂದೆಂದೂ ನೋಡಿರಲಿಲ್ಲ. ಇವರು ಏನು, ಏನಾಯಿತು ಅನ್ನುತ್ತ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಪೈಪಿನ ಕಡೆ ನೋಡಿದರು. ಕೈಯಲ್ಲಿದ್ದ ಲೋಟದ ನೀರು ಅಂಗಿಯ ಮೇಲೆ ಚೆಲ್ಲಿತು.

ಅವಳು ಯಾರನ್ನೂ ಬೈಯಲಿಲ್ಲ. ಎಣ್ಣೆ ಡಬ್ಬದ ಮೇಲಿನ ಹೆಸರಿನ ಫೋಟೋ ತೆಗೆದುಕೊಂಡಳು, ಸ್ಕೂಟರ್ ತಿರುಗಿಸಿದಳು, ಕೈಯನ್ನು ತಲೆಗಿಂತ ಮೇಲೆ ಹಿಡಿ, ಇಳಿಸಬೇಡ ಅಂದಳು. ಹೊರಟೆವು. ಹಿಂದೆ ಕೂತು ಎಡಗೈ ಎತ್ತಿ ಹಿಡಿದಿದ್ದೆ. ದಾರಿಯಲ್ಲಿ ಹಿಂಡಿ ಅಂಗಡಿಯವನು ನಾನು ಅವನಿಗೆ ಕೈ ಬೀಸುತ್ತಿದ್ದೇನೆ ಅಂದುಕೊಂಡು ತಾನೂ ಬೀಸಿದ. ಶಾಲೆಯ ಮಕ್ಕಳ ಒಂದು ದಂಡು ಕೂಗಿ ಕೂಗಿ ಬೀಸಿತು. ನಗಬೇಕಿತ್ತು. ಮಗಳ ಬೆನ್ನಿಗೆ ಕೆನ್ನೆ ಒತ್ತಿದೆ.

"ಕೀಲಿ ತಗೊಂಡು ಹೋಗ್ಬೇಕಿತ್ತು ನಾನು," ಅಂದಳು ಒಂದು ಸಲ, ಗಾಳಿಗೆ ಹೇಳಿದ ಹಾಗೆ.

ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ನಮ್ಮ ಮುಂದೆ ಏಳು ಜನ. ಮಂಡಿ ಒಡೆದುಕೊಂಡವನ ಪ್ಯಾಂಟಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಅವನನ್ನು ಮೊದಲು ಕರೆದರು. ಚೀಟಿ ಬರೆಯುವವಳು ಏನಾಗಿದೆ ಅಂತ ಕೇಳಿದಾಗ ಮಗಳು ವಿವರವಾಗಿ ಹೇಳಿದಳು. ಚೀಟಿಯವಳು 'ಬೆರಳಿಗೆ ಚುಚ್ಚಿದೆ' ಅಂತ ಬರೆದುಕೊಂಡಳು. ಮಗಳು ಮತ್ತೆ ಎದ್ದು ಹೋಗಿ ಹೇಳಿದಳು. ಕೂರಿ, ಕರೀತಾರೆ ಅಂದಳು ಅವಳು. ಮಗಳು ಮೂರನೆಯ ಸಲ ಎದ್ದು, ಚೀಟಿಗೂ ಕಾಯದೆ, ಪರದೆ ಸರಿಸಿಕೊಂಡು ನನ್ನನ್ನು ಒಳಗೆ ಎಳೆದುಕೊಂಡು ಹೋದಳು.

ಒಳಗಿದ್ದ ಡಾಕ್ಟರು ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಸಾಲಿನಲ್ಲಿ ಬರಬೇಕು ಅನ್ನಲು ಬಾಯಿ ತೆರೆದವರು ಮಗಳ ಮುಖ ನೋಡಿ ನನ್ನನ್ನು ಕೂರಲು ಹೇಳಿದರು. ನನ್ನ ಕೈ ನೋಡಿದರು. ಚುಕ್ಕೆ ನೋಡಿದರು. ಸ್ವಲ್ಪ ಊತ ಇದೆ, ಒಂದು ಇಂಜೆಕ್ಷನ್ ಕೊಡೋಣ, ಮಾತ್ರೆ ಬರೆಯುತ್ತೇನೆ ಅಂದರು. ಮಗಳು ಒತ್ತಡ, ಎಣ್ಣೆ, ಉಸ್ತಾದರ ಬೆರಳು ಅಂತ ಒಂದರ ಮೇಲೊಂದು ಹೇಳಿದಳು, ಮಾತು ತಡವರಿಸಿತು, ಫೋನು ತೆಗೆದು ಡಬ್ಬದ ಫೋಟೋ ತೋರಿಸಿದಳು. ಗಾಬರಿಯಾದವರ ಮಾತು ಕೇಳಿ ಕೇಳಿ ಡಾಕ್ಟರಿಗೆ ಅಭ್ಯಾಸವಾಗಿತ್ತು ಅನ್ನಿಸುತ್ತದೆ. ಅವರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ತುಂಬಾ ನೋವಿದೆಯಾ ಅಮ್ಮ?"

"ಏನಿಲ್ಲ ಡಾಕ್ಟ್ರೇ," ಅಂದೆ.

ಆ ಮಾತು ತಾನಾಗಿಯೇ ಬಂತು. ಇಷ್ಟು ವರ್ಷ ಯಾರು ಕೇಳಿದರೂ ಬಂದ ಹಾಗೆ. ಡಾಕ್ಟರು ತಲೆಯಾಡಿಸಿ ಪೆನ್ನು ತೆಗೆದುಕೊಂಡರು. ಮಗಳ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಗೋಡೆಗೆ ಒರಗಿ, ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ನಿಂತಿದ್ದಳು. ಅವಳಿಗೆ ಹೇಳಲು ಇದ್ದದ್ದೆಲ್ಲ ಮುಗಿದಿತ್ತು. ಇನ್ನು ಅವಳ ಕೈಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಚೀಟಿಯ ಮೇಲೆ ಮಾತ್ರೆಯ ಹೆಸರನ್ನು ಅರ್ಧ ಬರೆದಿದ್ದರು.

"ಡಾಕ್ಟ್ರೇ, ನಾನು ಸುಳ್ಳು ಹೇಳಿದೆ," ಅಂದೆ. "ನೋವಿದೆ. ಹತ್ತೂವರೆಯಿಂದ ಇದೆ. ಈಗ ಅಂಗೈವರೆಗೂ ಇಳಿದಿದೆ. ಬೆರಳು ಮಡಚೋಕೆ ಆಗ್ತಿಲ್ಲ, ತುದಿ ಕಚ್ಚಿದ್ರೂ ಗೊತ್ತಾಗಲ್ಲ. ನಂಗೆ ಭಯ ಆಗ್ತಿದೆ."

ಕೊನೆಯ ಮಾತನ್ನು ನಾನು ಮದುವೆಯಾದ ಮೇಲೆ ಯಾರ ಮುಂದೆಯೂ ಹೇಳಿರಲಿಲ್ಲ. ಎದೆಯೊಳಗೆ ಏನೋ ಬಿಚ್ಚಿದ ಹಾಗಾಗಿ ಕಣ್ಣಲ್ಲಿ ನೀರು ಬಂತು. ಡಾಕ್ಟರು ಪೆನ್ನು ಇಟ್ಟರು. ಅಂಗೈಯ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ನನ್ನ ಬಾಯಿಂದ ಹೊರಟ ಸದ್ದಿಗೆ ಪರದೆಯಾಚೆಯ ಮಾತುಗಳು ನಿಂತವು. ಅವರು ಆ ಚುಕ್ಕೆಯನ್ನು ಮತ್ತೊಂದು ಸಲ, ಈಗ ದೀಪ ಹತ್ತಿರಕ್ಕೆಳೆದು ನೋಡಿದರು. ಆಮೇಲೆ ಎದ್ದು ಫೋನು ತೆಗೆದುಕೊಂಡು, ಕೈ ಆಪರೇಶನ್ ಮಾಡುವ ದೊಡ್ಡ ಡಾಕ್ಟರನ್ನು ಕೇಳಿದರು. ಮಾತಾಡುತ್ತಲೇ ಮಗಳ ಕಡೆ ಕೈ ಚಾಚಿದರು, ಆ ಎಣ್ಣೆಯ ಫೋಟೋಗಾಗಿ.

ಆಮೇಲಿನದು ಬೇಗ ಬೇಗ ಆಯಿತು. ದೊಡ್ಡ ಡಾಕ್ಟರು ಬಂದು ನೋಡಿದರು. ಬೆರಳಿನಿಂದ ಅಂಗೈವರೆಗೆ ತೆರೆದು ಎಣ್ಣೆಯನ್ನೆಲ್ಲ ತೊಳೆಯಬೇಕು, ಈಗಲೇ ಅಂದರು. ಬೆರಳು ಉಳಿಯುತ್ತಾ ಅಂತ ಮಗಳು ಕೇಳಿದಳು. ತೆರೆದ ಮೇಲೆ ಹೇಳುತ್ತೇನೆ ಅಂದರು. ಗಾಲಿಮಂಚದ ಮೇಲೆ ನನ್ನನ್ನು ತಳ್ಳಿಕೊಂಡು ಹೋಗುವಾಗ ಮೇಲಿನ ದೀಪಗಳನ್ನು ಎಣಿಸಿದೆ. ಒಂಬತ್ತಾದ ಮೇಲೆ ಬಾಗಿಲು. ಅಲ್ಲಿಯವರೆಗೆ ಮಗಳು ನನ್ನ ಬಲಗೈ ಹಿಡಿದುಕೊಂಡಿದ್ದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು ಇತ್ತು, ಒರೆಸಬೇಕು ಅನ್ನಿಸಿತು.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಎಡಗೈ ಬಟ್ಟೆಯ ದೊಡ್ಡ ಮೂಟೆಯಾಗಿ ಒಂದು ಕಂಬಿಗೆ ನೇತಾಡುತ್ತಿತ್ತು. ಒಳಗೆ ಎಷ್ಟಿದೆ, ಎಷ್ಟಿಲ್ಲ ತಿಳಿಯುವ ಹಾಗಿರಲಿಲ್ಲ. ಕೇಳುವುದಕ್ಕೆ ಧೈರ್ಯ ಸಾಲದೆ ಮೂಟೆಯನ್ನೇ ನೋಡುತ್ತ ಮಲಗಿದ್ದೆ. ಮಗಳು ಬಗ್ಗಿ ಕಿವಿಯ ಹತ್ತಿರ ಹೇಳಿದಳು.

"ಐದೂ ಇದಾವೆ ಅಮ್ಮ."

ಮಂಚದ ಕಾಲಕಡೆ ಇವರು ನಿಂತಿದ್ದರು. ಅದೇ ಅಂಗಿ, ಎದೆಯ ಮೇಲೆ ನೀರು ಒಣಗಿದ ಕಲೆ. ಸ್ಟೂಲು ಇದ್ದರೂ ಕೂತಿರಲಿಲ್ಲ. ಹಸು ಕರೆದಿರಾ ಅಂತ ಕೇಳಿದೆ. ಹೂಂ ಅಂದರು. ಕೆಂಚಿ ಒದ್ದಳಾ ಅಂತ ಕೇಳಿದೆ, ಅವಳು ನನ್ನ ಕೈಗೆ ಮಾತ್ರ ಒಗ್ಗಿದ ಹಸು. ಒದ್ದಳು ಅಂದರು. ಆಮೇಲೆ ಅವರು ನನ್ನನ್ನಲ್ಲ, ಮಗಳನ್ನು ನೋಡುತ್ತ ಹೇಳಿದರು.

"ಬಕೆಟ್ ಎತ್ತಿದ್ದು ನಾನಮ್ಮ. ಮೇಲೇ ಬಿಟ್ಟು ಹೋಗಿದ್ದೂ ನಾನೇ. ನಿನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ."

ಮಗಳು ಸ್ಟೂಲನ್ನು ಕಾಲಿನಿಂದ ಅಪ್ಪನ ಕಡೆ ತಳ್ಳಿದಳು. ಅವರು ಕೂತರು.

ಎರಡು ದಿನವಾದ ಮೇಲೆ ಮತ್ತೊಂದು ಸಲ ತೊಳೆದರು, ಆಮೇಲೆ ಹೊಲಿದರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಆ ನಿದ್ದೆಗೆಟ್ಟ ಡಾಕ್ಟರು ದಿನಾ ಬಂದು ನೋವಿದೆಯಾ ಅಂತ ಕೇಳುತ್ತಿದ್ದರು, ನಾನು ಲೆಕ್ಕ ಒಪ್ಪಿಸಿದ ಹಾಗೆ ಎಲ್ಲಿ ಎಷ್ಟು ಅಂತ ಹೇಳುತ್ತಿದ್ದೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಬೆರಳಿನ ಮೇಲಿನ ಗಿಣ್ಣು ಈಗ ಮಡಚುವುದಿಲ್ಲ, ತುದಿಗೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಹಾಲು ಕರೆಯುವಾಗ ಉಳಿದ ಬೆರಳುಗಳು ಅದರ ಪಾಲಿನ ಕೆಲಸವನ್ನೂ ಹಂಚಿಕೊಂಡಿವೆ. ಕೆಂಚಿಗೆ ಮಾತ್ರ ಇನ್ನೂ ಅನುಮಾನ.

ಮನೆಗೆ ಬಂದಾಗ ಶೆಡ್ಡಿನ ಗೋಡೆ ಬೋಳಾಗಿತ್ತು. ಇವರು ತಮ್ಮ ಹಳೆಯ ಪೈಪುಗಳನ್ನೆಲ್ಲ ಇಳಿಸಿ, ಇನ್ಯಾರೂ ಯಾವುದಕ್ಕೂ ಜೋಡಿಸಲಾಗದ ಹಾಗೆ ಗರಗಸದಲ್ಲಿ ಗೇಣುದ್ದ ಗೇಣುದ್ದ ತುಂಡು ಮಾಡಿದ್ದರು. ಒಂದು ವಾಷರನ್ನೂ ಬಿಸಾಡದ ಮನುಷ್ಯ. ಮೊಳೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದರು, ಅದರಲ್ಲಿ ದಾರ ಕಟ್ಟಿದ ರಟ್ಟಿನ ತುಂಡು ನೇತಾಡುತ್ತಿತ್ತು. ಟ್ರ್ಯಾಕ್ಟರಿನ ಕೀಲಿ ಮಗಳ ಕೊರಳಲ್ಲಿತ್ತು. ಇವರಿಗೆ ಗಾಡಿ ಬೇಕಾದರೆ ಮೇಸ್ತ್ರೀ ಅಂತ ಕೂಗಿ ಕೇಳಿ ತೆಗೆದುಕೊಳ್ಳಬೇಕು. ಅವಳು ತಿಂಗಳ ಕೊನೆಗೆ ಉಸ್ತಾದರ ಅಂಗಡಿ ಬಿಟ್ಟು ಬರುತ್ತಾಳೆ.

ಮೊನ್ನೆ ಬೆಳಿಗ್ಗೆ ಗೊಬ್ಬರ ಎತ್ತಿ ಮುಗಿದಿತ್ತು. ಇವರು ಬಕೆಟ್ಟನ್ನು ನೆಲಕ್ಕೆ ಕೂರಿಸಿದ್ದರು, ಹಿಡಿಗಳನ್ನು ಹಿಂದೆ ಮುಂದೆ ಎರಡೆರಡು ಸಲ ಆಡಿಸಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಎಣಿಸಿದ್ದೆ, ದಿನಾ ಎಣಿಸುತ್ತೇನೆ. ಇವರು ಕೊಟ್ಟಿಗೆಗೆ ಹೋದ ಮೇಲೆ ಹುಲ್ಲು ತರಲು ಟ್ರ್ಯಾಕ್ಟರಿನ ಪಕ್ಕ ಹಾದು ಹೋದೆ. ವಾಲ್ವಿನ ಕೆಳಗೆ, ಹೊಸ ಪೈಪಿನ ಮೂತಿಯ ಹತ್ತಿರ, ಏನೋ ಹೊಳೆಯಿತು. ಒಂದು ಹನಿ. ನೋಡುತ್ತಿದ್ದಂತೆ ಇನ್ನೊಂದು ತುಂಬಿಕೊಂಡು ಜೋತುಬಿತ್ತು.

ಕೈ ಆಗಲೇ ಹೆಗಲ ಮೇಲಿನ ಬಟ್ಟೆಯನ್ನು ಅರ್ಧ ಎಳೆದಿತ್ತು.

ಬಟ್ಟೆಯನ್ನು ನೆಲಕ್ಕೆ ಬಿಟ್ಟೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡೆ. ಮಡಚದ ಬೆರಳು ಅಂಗೈಗೆ ಒತ್ತುತ್ತಿತ್ತು. ಮಗಳನ್ನು ಕೂಗಿದೆ. ರಜೆ ಹಾಕಿ ಮನೆಯಲ್ಲೇ ಉಳಿದಿದ್ದವಳು ಇನ್ನೂ ಹಲ್ಲುಜ್ಜುತ್ತಿದ್ದಳು, ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿಬಂದಳು. ಮೊದಲು ನನ್ನ ಕೈ ಎಲ್ಲಿದೆ ಅಂತ ನೋಡಿದಳು. ಆಮೇಲೆ ಮೊಳೆಯಿಂದ ರಟ್ಟು ತೆಗೆದುಕೊಂಡು ಪೈಪಿನ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದಳು. ಅವಳು ರಟ್ಟನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಬ್ರಶ್ ತೆಗೆದು ಉಗಿದಳು.

"ನೀರಮ್ಮ. ಅಪ್ಪ ಬೆಳಿಗ್ಗೆ ಗಾಡಿ ತೊಳೆದಿದ್ದಾರೆ."

ಸರಿ ಅಂದೆ. ಅವಳು ರಟ್ಟನ್ನು ಮೊಳೆಗೆ ತೂಗುಹಾಕಿ ಒಳಗೆ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ, ಕೈ ಬೆನ್ನ ಹಿಂದೆಯೇ. ಹನಿ ಕೆಳಗಿದ್ದ ಹುಲ್ಲಿನ ಕಟ್ಟಿನ ಮೇಲೆ ಬಿತ್ತು. ಬೀಳಲಿ ಅಂತ ಬಿಟ್ಟೆ.